ಡೇಟಾಲಾಗ್, ಪ್ರೊಲಾಗ್ ಪ್ರೋಗ್ರಾಂಗಳನ್ನು ಹಲವು ಕೋರ್‌ಗಳಲ್ಲಿ ಓಡಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಎಂಟು ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಎಳೆಗಳು) ಕೊಟ್ಟರೂ ಪ್ರೋಗ್ರಾಂ ಒಂದು ಥ್ರೆಡ್‌ನಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ಕೆಲವು ಸಲ ಇನ್ನೂ ನಿಧಾನವಾಗುತ್ತದೆ. ರೂಲ್ ಬರೆದು ಕೆಲಸ ಮಾಡಿಸುವ ಭಾಷೆಗಳಲ್ಲಿ ಜನ ಮತ್ತೆ ಮತ್ತೆ ಸಿಕ್ಕಿಬೀಳುವ ಜಾಗ ಇದು. ಏನು ಬೇಕು ಅಂತ ಹೇಳಿದರೆ ಸಾಕು, ಹೇಗೆ ಮಾಡಬೇಕು ಅನ್ನೋದು ಎಂಜಿನ್‌ಗೆ ಬಿಟ್ಟದ್ದು, ಹಾಗಾಗಿ ಕೋರ್ ಜಾಸ್ತಿ ಕೊಟ್ಟರೆ ವೇಗ ತಾನಾಗಿ ಬರಬೇಕು ಎಂಬುದು ಎಲ್ಲರ ಲೆಕ್ಕ. ಎಂಜಿನ್ ಕೆಲಸ ಹಂಚುವುದು ನಿಜ. ಆದರೆ ಹಂಚಲು ಅದರ ಕೈಗೆ ಏನು ಸಿಗುತ್ತದೆ ಅನ್ನೋದನ್ನು ನೀವು ಬರೆದ ರೂಲ್ ತೀರ್ಮಾನಿಸುತ್ತದೆ.

ಅದಕ್ಕೇ ಇಲ್ಲಿ ಥ್ರೆಡ್ ಸಂಖ್ಯೆ ಕೊಡುವುದು ಐದನೇ ಹಂತದಲ್ಲಿ ಬರುತ್ತದೆ. ದಯವಿಟ್ಟು ಹಂತಗಳ ಕ್ರಮ ಬದಲಿಸಬೇಡಿ. ಮುಖ್ಯ ಉದಾಹರಣೆಗೆ ಸೂಫ್ಲೆ ಎಂಬ ಡೇಟಾಲಾಗ್ ಎಂಜಿನ್ ತೆಗೆದುಕೊಂಡಿದ್ದೇನೆ. ಪ್ರೊಲಾಗ್ ಮತ್ತು ಕ್ಲಿಂಗೊ (ರೂಲ್ ಕೊಟ್ಟರೆ ಅದಕ್ಕೆ ಹೊಂದುವ ಉತ್ತರ ಹುಡುಕುವ ಇನ್ನೊಂದು ಎಂಜಿನ್) ಬಳಸುವವರಿಗೆ ಬೇರೆ ಭಾಗಗಳಿವೆ. ರೂಲ್‌ಗಳನ್ನು ಓದಲು ಸುಲಭವಾಗಲಿ ಎಂದು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಸೂಫ್ಲೆಯಲ್ಲಿ ಟೈಪ್ ಮಾಡುವಾಗ ಹೆಸರುಗಳನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿಕೊಳ್ಳಿ.

## ಶುರು ಮಾಡುವ ಮುಂಚೆ ಬೇಕಾದವು

ಲಿನಕ್ಸ್ ಇರುವ, ಕನಿಷ್ಠ 4 ನಿಜವಾದ ಕೋರ್ ಇರುವ ಯಂತ್ರ ಬೇಕು. ‘ನಿಜವಾದ’ ಅಂತ ಒತ್ತಿ ಹೇಳಲು ಕಾರಣವಿದೆ. ಎನ್‌ಪ್ರಾಕ್ ಕಮಾಂಡ್ 8 ಅಂತ ತೋರಿಸಿದರೆ ಅದರಲ್ಲಿ ಹೈಪರ್‌ಥ್ರೆಡ್‌ಗಳೂ ಸೇರಿರುತ್ತವೆ. ಎಲ್‌ಎಸ್‌ಸಿಪಿಯು ಓಡಿಸಿ, ಒಂದು ಸಾಕೆಟ್‌ಗೆ ಎಷ್ಟು ಕೋರ್, ಒಂದು ಕೋರ್‌ಗೆ ಎಷ್ಟು ಥ್ರೆಡ್ ಎಂಬ ಎರಡು ಸಾಲು ನೋಡಿ. ಕೋರ್‌ಗೆ 2 ಥ್ರೆಡ್ ಅಂತ ಇದ್ದರೆ ನಿಮ್ಮ 8ರಲ್ಲಿ ನಿಜವಾದ ಕೋರ್ 4 ಮಾತ್ರ.

ಸೂಫ್ಲೆ ಓಪನ್‌ಎಂಪಿ (ಥ್ರೆಡ್‌ಗಳಿಗೆ ಕೆಲಸ ಹಂಚುವ ಲೈಬ್ರರಿ) ಜೊತೆ ಬಿಲ್ಡ್ ಆಗಿರಬೇಕು. ಆಗಿಲ್ಲದಿದ್ದರೆ ಎಷ್ಟು ಥ್ರೆಡ್ ಕೇಳಿದರೂ ಓಡುವುದು ಒಂದೇ. ಮ್ಯಾಕ್‌ನಲ್ಲಿ ಈ ತೊಂದರೆ ಜಾಸ್ತಿ, ಯಾಕಂದ್ರೆ ಆಪಲ್ ಕೊಡುವ ಕ್ಲ್ಯಾಂಗ್ ಕಂಪೈಲರ್ ಜೊತೆ ಓಪನ್‌ಎಂಪಿ ಲೈಬ್ರರಿ ಬರುವುದಿಲ್ಲ. ಇದರ ಜೊತೆಗೆ ಎಚ್‌ಟಾಪ್, ಟೈಮ್, ಸಾರ್ಟ್, ಡಿಫ್ ಇದ್ದರೆ ಸಾಕು. ಸೂಫ್ಲೆಯ ಪ್ರೊಫೈಲರ್ ಅದರ ಜೊತೆಯಲ್ಲೇ ಬರುತ್ತದೆ.

## ಹಂತ 1: ಒಂದೇ ಥ್ರೆಡ್‌ನಲ್ಲಿ ಸರಿ ಉತ್ತರ ತೆಗೆದಿಟ್ಟುಕೊಳ್ಳಿ

ಮೊದಲು ಒಂದು ಥ್ರೆಡ್‌ನಲ್ಲಿ ಓಡಿಸಿ. ಬಂದ ಔಟ್‌ಪುಟ್ ಫೈಲ್‌ಗಳನ್ನು ಸಾರ್ಟ್ ಮಾಡಿ ಬೇರೆ ಫೋಲ್ಡರ್‌ನಲ್ಲಿ ಇಡಿ. ಮುಂದೆ ಪ್ರತಿ ಬದಲಾವಣೆಯನ್ನೂ ಇದರ ಜೊತೆಗೇ ಹೋಲಿಸುತ್ತೀರಿ.

ಟೈಮ್ ಕಮಾಂಡ್ ಕೊಡುವ ಮೂರು ಸಂಖ್ಯೆಗಳನ್ನೂ ಬರೆದಿಟ್ಟುಕೊಳ್ಳಿ. ರಿಯಲ್ ಅಂದರೆ ಗಡಿಯಾರದಲ್ಲಿ ಕಳೆದ ಹೊತ್ತು. ಯೂಸರ್ ಅಂದರೆ ಎಲ್ಲಾ ಕೋರ್‌ಗಳಲ್ಲಿ ನಿಮ್ಮ ಪ್ರೋಗ್ರಾಂ ದುಡಿದ ಒಟ್ಟು ಹೊತ್ತು. ಸಿಸ್ ಅಂದರೆ ಅದರ ಪರವಾಗಿ ಕರ್ನಲ್ ದುಡಿದ ಹೊತ್ತು. ಹಲವರು ರಿಯಲ್ ಒಂದನ್ನೇ ನೋಡುತ್ತಾರೆ. ಆದರೆ ಕಾಯಿಲೆ ಗೊತ್ತಾಗುವುದು ಉಳಿದ ಎರಡರಿಂದ.

ಇನ್‌ಪುಟ್ ತೀರಾ ಚಿಕ್ಕದಿರಬಾರದು. ಎರಡು ಸೆಕೆಂಡಿನಲ್ಲಿ ಮುಗಿಯುವ ಕೆಲಸದಲ್ಲಿ ಥ್ರೆಡ್ ಲಾಭ ಅಳೆಯಲು ಹೋಗಬೇಡಿ. ಕನಿಷ್ಠ ಅರ್ಧ ನಿಮಿಷ ಓಡುವಷ್ಟು ಡೇಟಾ ಹಾಕಿ. ಇನ್ನೊಂದು ವಿಷಯ: ಸೂಫ್ಲೆ ಸುಮ್ನೆ ಓಡಿಸಿದರೆ ಇಂಟರ್‌ಪ್ರಿಟರ್‌ನಲ್ಲಿ ಓಡುತ್ತದೆ. ‘-ಸಿ’ ಆಯ್ಕೆ ಕೊಟ್ಟರೆ ಸಿ++ ಕೋಡ್ ಮಾಡಿ, ಕಂಪೈಲ್ ಮಾಡಿ, ಆಮೇಲೆ ಓಡಿಸುತ್ತದೆ. ಆಗ ಟೈಮ್ ತೋರಿಸುವ ಸಂಖ್ಯೆಯಲ್ಲಿ ಕಂಪೈಲ್ ಆದ ಹೊತ್ತೂ ಸೇರಿರುತ್ತದೆ. ಅಳತೆ ಮಾಡುವಾಗ ‘-ಓ’ ಕೊಟ್ಟು ಬೈನರಿ ಮಾಡಿಟ್ಟುಕೊಂಡು, ಅದನ್ನು ಮಾತ್ರ ಅಳೆಯಿರಿ.

## ಹಂತ 2: ಹೊತ್ತು ಎಲ್ಲಿ ಹೋಗುತ್ತಿದೆ ನೋಡಿ

‘-ಪಿ’ ಆಯ್ಕೆಗೆ ಒಂದು ಫೈಲ್ ಹೆಸರು ಕೊಟ್ಟರೆ ಸೂಫ್ಲೆ ಪ್ರೊಫೈಲ್ ಬರೆಯುತ್ತದೆ. ಅದನ್ನು ಸೂಫ್ಲೆ ಪ್ರೊಫೈಲರ್‌ನಲ್ಲಿ ತೆರೆದು ರೂಲ್‌ಗಳ ಪಟ್ಟಿ ನೋಡಿ. ಬಹಳಷ್ಟು ಪ್ರೋಗ್ರಾಂಗಳಲ್ಲಿ ಒಂದೆರಡು ರೂಲ್‌ಗಳೇ ಮುಕ್ಕಾಲು ಪಾಲು ಹೊತ್ತು ತಿನ್ನುತ್ತಿರುತ್ತವೆ. ಆ ಒಂದೆರಡು ರೂಲ್‌ಗಳ ಹೆಸರು ಬರೆದುಕೊಳ್ಳಿ. ಮುಂದಿನ ಎರಡು ಹಂತ ಅವುಗಳಿಗೆ ಮಾತ್ರ.

ಫೈಲ್ ಓದುವುದು, ಬರೆಯುವುದು ಎಷ್ಟು ಹೊತ್ತು ಹಿಡಿಯುತ್ತಿದೆ ಅಂತಲೂ ನೋಡಿ. ಥ್ರೆಡ್ ಜಾಸ್ತಿ ಮಾಡಿದರೆ ಆ ಭಾಗ ಕರಗುತ್ತದೆಂದು ನಂಬಬೇಡಿ. ಒಟ್ಟು ಹೊತ್ತಿನ 20% ಹಂಚಲು ಆಗದ ಕೆಲಸವಾಗಿದ್ದರೆ, 8 ಕೋರ್‌ಗಳಿಂದ ಸಿಗುವ ಗರಿಷ್ಠ ವೇಗ 3.3 ಪಟ್ಟು ಅಷ್ಟೇ. ಲೆಕ್ಕ ಹೀಗೆ: 0.2ಕ್ಕೆ, 0.8ನ್ನು 8ರಿಂದ ಭಾಗಿಸಿ ಬಂದ 0.1 ಸೇರಿಸಿದರೆ 0.3. ಒಂದನ್ನು ಅದರಿಂದ ಭಾಗಿಸಿ. ಕೋರ್ ಸಾವಿರ ಇದ್ದರೂ 5 ಪಟ್ಟು ದಾಟುವುದಿಲ್ಲ. 1967ರಲ್ಲಿ ಜೀನ್ ಆಮ್ಡಾಲ್ ಮುಂದಿಟ್ಟ ವಾದ ಇದೇ. ಈ ಲೆಕ್ಕ ಮೊದಲೇ ಮಾಡಿಕೊಂಡರೆ ಆಗದ್ದಕ್ಕೆ ಆಸೆಪಟ್ಟು ದಿನ ಕಳೆಯುವುದು ತಪ್ಪುತ್ತದೆ.

## ಹಂತ 3: ರೂಲ್‌ನ ಮೊದಲ ಪದ ಸರಿ ಮಾಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಸೂಫ್ಲೆ ಒಂದು ರೂಲ್ ಅನ್ನು ಒಂದರೊಳಗೊಂದು ಇರುವ ಲೂಪ್‌ಗಳಾಗಿ ಮಾಡುತ್ತದೆ. ರೂಲ್‌ನ ದೇಹದಲ್ಲಿ (‘:-’ ಗುರುತಿನ ಬಲಗಡೆ) ಮೊದಲು ಬರೆದ ರಿಲೇಶನ್ (ಡೇಟಾ ಸಾಲುಗಳ ಪಟ್ಟಿ) ಬಹುಮಟ್ಟಿಗೆ ಎಲ್ಲಕ್ಕಿಂತ ಹೊರಗಿನ ಲೂಪ್ ಆಗುತ್ತದೆ. ಥ್ರೆಡ್‌ಗಳಿಗೆ ಹಂಚಿಕೆಯಾಗುವುದು ಆ ಹೊರಗಿನ ಲೂಪ್ ಮಾತ್ರ. ಒಳಗಿನವು ಆಯಾ ಥ್ರೆಡ್‌ನಲ್ಲೇ ಓಡುತ್ತವೆ.

ಈ ರೂಲ್ ನೋಡಿ:

ವರದಿ(ಅ, ಇ) :- ಆಯ್ಕೆ(ಮ), ಕರೆ(ಅ, ಆ, ಮ), ಮೂಲ(ಆ, ಇ).

‘ಆಯ್ಕೆ’ಯಲ್ಲಿ ಒಂದೇ ಸಾಲು ಇದೆ, ‘ಕರೆ’ಯಲ್ಲಿ 50 ಲಕ್ಷ ಸಾಲು ಇವೆ ಅಂದುಕೊಳ್ಳಿ. ಹೊರಗಿನ ಲೂಪ್‌ನಲ್ಲಿ ಇರುವುದು ಒಂದು ಸಾಲು. ಅದು ಒಂದು ಥ್ರೆಡ್‌ಗೆ ಹೋಗುತ್ತದೆ. ಉಳಿದ ಏಳು ಸುಮ್ನೆ ಕೂರುತ್ತವೆ. ಇದನ್ನು ಹೀಗೆ ಬರೆಯಿರಿ:

ವರದಿ(ಅ, ಇ) :- ಕರೆ(ಅ, ಆ, ಮ), ಆಯ್ಕೆ(ಮ), ಮೂಲ(ಆ, ಇ).

ಈಗ 50 ಲಕ್ಷ ಸಾಲು ಎಂಟು ಪಾಲಾಗುತ್ತದೆ. ‘ಆಯ್ಕೆ’ ಬರೀ ಇದೆಯೋ ಇಲ್ಲವೋ ಎಂಬ ಪರೀಕ್ಷೆಯಾಗಿ ಉಳಿಯುತ್ತದೆ.

ಆದರೆ ಕಣ್ಣುಮುಚ್ಚಿ ಹೀಗೆ ತಿರುಗಿಸಬೇಡಿ. ಮೊದಲ ರೂಪದಲ್ಲಿ ಎಂಜಿನ್ ‘ಕರೆ’ಯ ಮೂರನೇ ಕಾಲಂ ಮೇಲೆ ಇಂಡೆಕ್ಸ್ ಬಳಸಿ ಬೇಕಾದ ಸಾಲುಗಳನ್ನಷ್ಟೇ ಹೆಕ್ಕುತ್ತಿತ್ತು. ಹೊಂದುವ ಸಾಲು ಬರೀ ನೂರು ಇದ್ದರೆ ಒಂದು ಥ್ರೆಡ್‌ನಲ್ಲೇ ಅದು ಕ್ಷಣದಲ್ಲಿ ಮುಗಿಯುತ್ತದೆ. ಆಗ 50 ಲಕ್ಷ ಸಾಲನ್ನು ಎಂಟು ಜನ ಸೇರಿ ಓದುವುದರಲ್ಲಿ ಅರ್ಥವಿಲ್ಲ, ಅಲ್ವಾ? ಹೊಂದುವ ಸಾಲುಗಳು ಒಟ್ಟಿನಲ್ಲಿ ದೊಡ್ಡ ಪಾಲಾಗಿದ್ದರೆ ಮಾತ್ರ ಎರಡನೇ ರೂಪಕ್ಕೆ ಹೋಗಿ. ಎರಡನ್ನೂ ಒಂದು ಥ್ರೆಡ್‌ನಲ್ಲಿ ಮತ್ತು ಎಂಟರಲ್ಲಿ ಅಳೆದು ನಿರ್ಧರಿಸುವುದು ಸರಿಯಾದ ದಾರಿ.

ಸಾಮಾನ್ಯ ತಪ್ಪು: ಅಕ್ಕಪಕ್ಕ ಬರೆದ ಎರಡು ರಿಲೇಶನ್‌ಗಳಿಗೆ ಒಂದೂ ಸಮಾನ ವೇರಿಯಬಲ್ ಇಲ್ಲದಿರುವುದು. ಆಗ ಎಲ್ಲದಕ್ಕೂ ಎಲ್ಲವನ್ನೂ ಜೋಡಿಸುವ ಕೆಲಸ ಹುಟ್ಟುತ್ತದೆ. ಎಚ್‌ಟಾಪ್‌ನಲ್ಲಿ ಎಲ್ಲಾ ಕೋರ್ ತುಂಬಿ ಕಾಣುತ್ತವೆ, ಆದರೆ ಅವು ಮಾಡುತ್ತಿರುವುದು ದಂಡದ ಕೆಲಸ. ಸಮಾನ ವೇರಿಯಬಲ್ ಇರುವವು ಒಂದರ ಪಕ್ಕ ಒಂದು ಬರುವಂತೆ ಜೋಡಿಸಿ.

ಇನ್ನೊಂದು ತೊಂದರೆ ಡೇಟಾದಿಂದ ಬರುತ್ತದೆ. ಹೊರಗಿನ ಒಂದು ಸಾಲಿಗೆ ಒಳಗೆ ಹತ್ತು ಲಕ್ಷ ಹೊಂದಿಕೆ ಇದ್ದು ಉಳಿದವಕ್ಕೆ ಐದಾರು ಇದ್ದರೆ, ಆ ಭಾರದ ಸಾಲು ಸಿಕ್ಕ ಥ್ರೆಡ್ ಮುಗಿಸುವವರೆಗೆ ಎಲ್ಲರೂ ಕಾಯಬೇಕು. ಗುರುತು ಸ್ಪಷ್ಟ: ರೂಲ್‌ನ ಕೊನೆಗೆ ಏಳು ಕೋರ್ ಖಾಲಿ, ಒಂದು ಮಾತ್ರ 100%. ಅಂಥ ಕಡೆ ಭಾರದ ರಿಲೇಶನ್ ಅನ್ನೇ ಮೊದಲಿಗೆ ತನ್ನಿ.

## ಹಂತ 4: ರಿಕರ್ಶನ್‌ನ ಸುತ್ತುಗಳನ್ನು ಎಣಿಸಿ

ಕೋರ್ ಕೊಟ್ಟರೂ ವೇಗ ಬಾರದಿರಲು ನಾನು ಕಂಡ ಅತಿ ದೊಡ್ಡ ಕಾರಣ ಇದು. ಇದರ ಬಗ್ಗೆ ಬರೆಯುವವರು ಕಡಿಮೆ. ರಿಕರ್ಶನ್ ಅಂದರೆ ರೂಲ್ ತನ್ನ ಉತ್ತರವನ್ನೇ ಮತ್ತೆ ಬಳಸುವುದು, ಹೀಗೆ:

ದಾರಿ(ಕ, ಖ) :- ಕೊಂಡಿ(ಕ, ಖ).
ದಾರಿ(ಕ, ಗ) :- ದಾರಿ(ಕ, ಖ), ಕೊಂಡಿ(ಖ, ಗ).

ಎಂಜಿನ್ ಇದನ್ನು ಸುತ್ತು ಸುತ್ತಾಗಿ ಮಾಡುತ್ತದೆ. ಪ್ರತಿ ಸುತ್ತಿನಲ್ಲೂ ಹಿಂದಿನ ಸುತ್ತಿನಲ್ಲಿ ಹೊಸದಾಗಿ ಸಿಕ್ಕ ದಾರಿಗಳನ್ನಷ್ಟೇ ತೆಗೆದುಕೊಂಡು ಕೊಂಡಿಗಳ ಜೊತೆ ಸೇರಿಸುತ್ತದೆ. ಈ ಹೊಸವುಗಳ ಗುಂಪಿಗೆ ಡೆಲ್ಟಾ ಅಂತಾರೆ. ಸುತ್ತಿನ ಒಳಗೆ ಥ್ರೆಡ್‌ಗಳು ಹಂಚಿಕೊಂಡು ದುಡಿಯುತ್ತವೆ. ಆದರೆ ಒಂದು ಸುತ್ತು ಪೂರ್ತಿ ಮುಗಿಯದೆ ಮುಂದಿನದು ಶುರುವಾಗುವುದಿಲ್ಲ. ಒಂದರ ಮೇಲೊಂದು ನಿಂತ ರಿಲೇಶನ್ ಗುಂಪುಗಳದ್ದೂ ಅದೇ ಕತೆ, ಒಂದಾದ ಮೇಲೆ ಒಂದು.

ಈಗ 1,000 ನೋಡ್‌ಗಳು ಒಂದೇ ಸಾಲಾಗಿ ಜೋಡಿಸಿಕೊಂಡಿರುವ ಗ್ರಾಫ್ ತೆಗೆದುಕೊಳ್ಳಿ. ಒಟ್ಟು ದಾರಿಗಳು 4,99,500. ಮೊದಲ ಡೆಲ್ಟಾದಲ್ಲಿ 999 ಸಾಲು, ಮುಂದಿನದರಲ್ಲಿ 998, ಹೀಗೆ ಇಳಿಯುತ್ತಾ ಕೊನೆಗೆ 1. ಸುತ್ತುಗಳು ಸುಮಾರು ಸಾವಿರ. ಸರಾಸರಿ ಡೆಲ್ಟಾ 500. ಎಂಟು ಥ್ರೆಡ್‌ಗೆ ಹಂಚಿದರೆ ತಲೆಗೆ 60 ಚಿಲ್ಲರೆ ಸಾಲು. ಅಷ್ಟಕ್ಕೆ ಥ್ರೆಡ್‌ಗಳನ್ನು ಎಬ್ಬಿಸಿ, ಹಂಚಿ, ಎಲ್ಲರೂ ಮುಗಿಸುವವರೆಗೆ ಕಾಯಬೇಕು. ಇದನ್ನು ಸಾವಿರ ಸಲ ಮಾಡಬೇಕು. ಎಂಟು ಥ್ರೆಡ್‌ನಲ್ಲಿ ನಿಧಾನವಾಗುವುದು ಆಶ್ಚರ್ಯವೇ ಅಲ್ಲ. ಒಂದೇ ನೋಡ್‌ನಿಂದ ಎಲ್ಲೆಲ್ಲಿ ತಲುಪಬಹುದು ಅಂತ ಕೇಳಿದರಂತೂ ಈ ಗ್ರಾಫ್‌ನಲ್ಲಿ ಪ್ರತಿ ಡೆಲ್ಟಾದಲ್ಲೂ ಇರುವುದು ಒಂದು ಸಾಲು. ಹಂಚಲು ಏನೂ ಇಲ್ಲ.

ಸುತ್ತು ಕಡಿಮೆ ಮಾಡಲು ಕೆಲವರು ಎರಡನೇ ರೂಲ್ ಅನ್ನು ಹೀಗೆ ಬದಲಿಸುತ್ತಾರೆ:

ದಾರಿ(ಕ, ಗ) :- ದಾರಿ(ಕ, ಖ), ದಾರಿ(ಖ, ಗ).

ಪ್ರತಿ ಸುತ್ತಿಗೂ ದಾರಿಯ ಉದ್ದ ದುಪ್ಪಟ್ಟಾಗುವುದರಿಂದ ಹತ್ತು ಹನ್ನೊಂದು ಸುತ್ತಿನಲ್ಲಿ ಮುಗಿಯುತ್ತದೆ. ಡೆಲ್ಟಾಗಳು ದೊಡ್ಡವು, ಎಲ್ಲಾ ಕೋರ್‌ಗೂ ಕೈತುಂಬ ಕೆಲಸ. ನೋಡಲು ಚೆನ್ನಾಗಿದೆ. ಆದರೆ ಒಂದೇ ದಾರಿ ಈಗ ನಡುವಿನ ಪ್ರತಿ ನೋಡ್ ಮೂಲಕವೂ ಮತ್ತೆ ಮತ್ತೆ ಹುಟ್ಟುತ್ತದೆ. ಮೊದಲ ರೂಪದಲ್ಲಿ ಸುಮಾರು 5 ಲಕ್ಷ ಜೋಡಣೆ ಇದ್ದದ್ದು ಇಲ್ಲಿ ಸುಮಾರು 16.6 ಕೋಟಿ ಆಗುತ್ತದೆ. ಮುನ್ನೂರು ಪಟ್ಟಿಗೂ ಜಾಸ್ತಿಯಾದ ಕೆಲಸವನ್ನು ಎಂಟು ಕೋರ್ ಹೇಗೆ ತುಂಬಿಕೊಡಬೇಕು? ಉದ್ದ ಸಾಲಿನಂಥ ಗ್ರಾಫ್‌ಗೆ ಇದನ್ನು ಬಳಸಬೇಡಿ.

ಹಾಗಾದರೆ ಏನು ಮಾಡಬೇಕು? ಈ ಕ್ರಮದಲ್ಲಿ ಯೋಚಿಸಿ.

ಎಲ್ಲಾ ಜೋಡಿ ನಿಜವಾಗಿ ಬೇಕಾ ಅಂತ ಮೊದಲು ಕೇಳಿಕೊಳ್ಳಿ. ಹತ್ತು ನೋಡ್‌ಗಳಿಂದ ಹೊರಡುವ ದಾರಿ ಮಾತ್ರ ಬೇಕಿದ್ದರೆ ರೂಲ್ ಅನ್ನು ಆ ಹತ್ತರಿಂದಲೇ ಶುರು ಮಾಡಿ. ಸೂಫ್ಲೆಯ ಮ್ಯಾಜಿಕ್ ಸೆಟ್ ಆಯ್ಕೆ ಇದೇ ಕೆಲಸವನ್ನು ತಾನೇ ಮಾಡಲು ನೋಡುತ್ತದೆ. ಇದರಿಂದ ಉಳಿಯುವ ಹೊತ್ತಿನ ಮುಂದೆ ಕೋರ್‌ಗಳಿಂದ ಸಿಗುವ ಲಾಭ ಚಿಕ್ಕದು.

ಸಂಬಂಧ ಎರಡೂ ಕಡೆ ಹೋಗುವಂಥದ್ದಾ? ‘ಇವೆರಡೂ ಒಂದೇ’ ಎಂಬ ಥರದ ಸಮಾನತೆಗೆ ರಿಕರ್ಸಿವ್ ರೂಲ್ ಬರೆಯಬೇಡಿ. ಡಿಕ್ಲರೇಶನ್‌ನಲ್ಲಿ ‘ಈಕ್ಯೂರೆಲ್’ ಎಂದು ಗುರುತು ಹಾಕಿದರೆ ಸೂಫ್ಲೆ ಒಳಗೆ ಯೂನಿಯನ್-ಫೈಂಡ್ (ಸಮಾನವಾದವನ್ನು ಒಂದೇ ಗುಂಪಾಗಿ ಇಡುವ ವಿಧಾನ) ಬಳಸುತ್ತದೆ. ಜೋಡಿ ಜೋಡಿಯಾಗಿ ಕೂಡಿಡುವ ಭಾರವೇ ಇರುವುದಿಲ್ಲ.

ರಿಕರ್ಸಿವ್ ರಿಲೇಶನ್ ಅನ್ನು ದೇಹದಲ್ಲಿ ಮೊದಲು ಬರೆಯಿರಿ. ‘ಕೊಂಡಿ’ ಮೊದಲು ಬಂದರೆ ಪ್ರತಿ ಸುತ್ತಿನಲ್ಲೂ ಎಲ್ಲಾ ಕೊಂಡಿಗಳನ್ನು ಓದಿ ಡೆಲ್ಟಾದಲ್ಲಿ ಹುಡುಕುವಂತಾಗುತ್ತದೆ. ಕೋರ್‌ಗಳು ತುಂಬಿ ಕಾಣುತ್ತವೆ, ಉತ್ತರ ಮಾತ್ರ ಮುಂದಕ್ಕೆ ಹೋಗುವುದಿಲ್ಲ.

ಇಷ್ಟಾದ ಮೇಲೂ ಸಾವಿರಾರು ಸಣ್ಣ ಸುತ್ತುಗಳೇ ಉಳಿದರೆ ಈ ರೂಲ್‌ನ ಒಳಗೆ ಹಂಚಿಕೆ ಹುಡುಕುವುದನ್ನು ಬಿಡಿ. ಕೊನೆಯ ಭಾಗಕ್ಕೆ ಹೋಗಿ.

## ಹಂತ 5: ಈಗ ಥ್ರೆಡ್ ಕೊಡಿ

‘-ಜೆ’ ಆಯ್ಕೆಗೆ 1, 2, 4, 8 ಹೀಗೆ ಕೊಡುತ್ತಾ ಹೋಗಿ. ನೇರ 8ಕ್ಕೆ ಹಾರಬೇಡಿ. 2ರಲ್ಲೇ ಲಾಭ ಇಲ್ಲದಿದ್ದರೆ 8ರಲ್ಲಿ ಬರುವುದಿಲ್ಲ. ಪ್ರತಿಯೊಂದನ್ನೂ ಕನಿಷ್ಠ ಮೂರು ಸಲ ಓಡಿಸಿ ನಡುವಿನ ಸಂಖ್ಯೆ ತೆಗೆದುಕೊಳ್ಳಿ.

ಬಹಳ ಜನ ಎಡವುವುದು ಇಲ್ಲಿ: ‘-ಓ’ ಕೊಟ್ಟು ಬೈನರಿ ಮಾಡುವಾಗ ‘-ಜೆ’ ಕೊಡದೆ, ಆಮೇಲೆ ಬೈನರಿ ಓಡಿಸುವಾಗ ಮಾತ್ರ ಕೊಡುತ್ತಾರೆ. ಹಂಚಿಕೊಂಡು ಓಡುವ ಲೂಪ್‌ಗಳನ್ನು ಬರೆಯಬೇಕೋ ಬೇಡವೋ ಅಂತ ಸೂಫ್ಲೆ ಕೋಡ್ ಮಾಡುವಾಗಲೇ ತೀರ್ಮಾನಿಸುತ್ತದೆ. ಎರಡೂ ಸಲ ಕೊಡಿ.

ಲಾಭ ಎಲ್ಲಿ ನಿಂತಿತೋ ಅಲ್ಲಿ ನಿಲ್ಲಿ. ಸಾಮಾನ್ಯವಾಗಿ ನಿಜವಾದ ಕೋರ್‌ಗಳ ಸಂಖ್ಯೆಯ ಹತ್ತಿರ ಅದು ನಿಲ್ಲುತ್ತದೆ. ಡೇಟಾಲಾಗ್ ಜಾಯಿನ್ (ರಿಲೇಶನ್‌ಗಳ ಸಾಲು ಜೋಡಿಸುವುದು) ಅಂದರೆ ಹೆಚ್ಚಾಗಿ ಮೆಮೊರಿಯಲ್ಲಿ ಅಲ್ಲಿ ಇಲ್ಲಿ ಹುಡುಕುವ ಕೆಲಸ. ಒಂದು ಮಿತಿ ದಾಟಿದ ಮೇಲೆ ಕೋರ್‌ಗಳೆಲ್ಲ ಮೆಮೊರಿಗಾಗಿ ಕಾಯುತ್ತವೆ. ಎರಡು ಸಾಕೆಟ್ ಇರುವ ಸರ್ವರ್‌ನಲ್ಲಿ ಇದು ಇನ್ನೂ ಬೇಗ ಗೊತ್ತಾಗುತ್ತದೆ. ಅಲ್ಲಿ ನ್ಯೂಮಾ-ಕಂಟ್ರೋಲ್ ಬಳಸಿ ಪ್ರೋಗ್ರಾಂ ಮತ್ತು ಅದರ ಮೆಮೊರಿಯನ್ನು ಒಂದೇ ಸಾಕೆಟ್‌ಗೆ ಕಟ್ಟಿ ಅಳೆದು ನೋಡಿ. ಅರ್ಧ ಕೋರ್‌ಗಳಲ್ಲೇ ಬೇಗ ಮುಗಿಯುವುದು ಉಂಟು.

## ಹಂತ 6: ಉತ್ತರ ಹೋಲಿಸಿ

ಹೊಸ ಔಟ್‌ಪುಟ್ ಅನ್ನು ಸಾರ್ಟ್ ಮಾಡಿ, ಒಂದನೇ ಹಂತದಲ್ಲಿ ಇಟ್ಟದ್ದರ ಜೊತೆ ಡಿಫ್ ಮಾಡಿ. ಸಾರ್ಟ್ ಮಾಡದೆ ಹೋಲಿಸಬೇಡಿ. ಸಾಲುಗಳ ಕ್ರಮ ಬದಲಾಗುವುದು ತಪ್ಪಲ್ಲ. ಸಾಲುಗಳೇ ಬದಲಾದರೆ ಮಾತ್ರ ನಿಲ್ಲಿ. ಕಾರಣ ಬಹುಶಃ ಈ ಮೂರರಲ್ಲಿ ಒಂದು.

ತಾನಾಗಿ ಏರುವ ಕೌಂಟರ್‌ನಿಂದ ಗುರುತಿನ ಸಂಖ್ಯೆ ಕೊಡುತ್ತಿದ್ದರೆ, ಯಾವ ಸಾಲಿಗೆ ಯಾವ ಸಂಖ್ಯೆ ಬರುತ್ತದೆ ಎಂಬುದು ಓಡಿಸಿದಂತೆಲ್ಲ ಬದಲಾಗುತ್ತದೆ. ದಶಮಾಂಶ ಸಂಖ್ಯೆಗಳನ್ನು ಕೂಡುತ್ತಿದ್ದರೆ, ಕೂಡುವ ಕ್ರಮ ಬದಲಾಗಿ ಕೊನೆಯ ಅಂಕಿಗಳು ಬೇರೆ ಬರಬಹುದು. ಸಿ++ನಲ್ಲಿ ನೀವೇ ಬರೆದ ಫಂಕ್ಟರ್ (ರೂಲ್‌ನಿಂದ ಕರೆಯುವ ಫಂಕ್ಷನ್) ಇದ್ದರೆ, ಅದು ಹಲವು ಥ್ರೆಡ್‌ಗಳಿಂದ ಒಟ್ಟಿಗೆ ಕರೆದರೂ ಸರಿಯಾಗಿ ನಡೆಯಬೇಕು. ಅದರೊಳಗೆ ಗ್ಲೋಬಲ್ ವೇರಿಯಬಲ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಮೂರರಲ್ಲಿ ಅಪಾಯಕಾರಿ ಇದೇ, ಯಾಕಂದ್ರೆ ಹತ್ತರಲ್ಲಿ ಒಂದು ಸಲ ಮಾತ್ರ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಹೋಲಿಕೆಯನ್ನು ಒಂದೇ ಸಲಕ್ಕೆ ಮುಗಿಸಬೇಡಿ.

## ಪ್ರೊಲಾಗ್ ಬಳಸುವವರಿಗೆ

ಎಸ್‌ಡಬ್ಲ್ಯೂಐ-ಪ್ರೊಲಾಗ್‌ನಲ್ಲಿ ಎಂಜಿನ್ ತಾನಾಗಿ ರೂಲ್ ಹಂಚುವುದಿಲ್ಲ. ಏನು ಹಂಚಬೇಕು ಎಂಬುದನ್ನು ನೀವೇ ಹೇಳಬೇಕು. ಸುಲಭದ ದಾರಿ ಕನ್‌ಕರೆಂಟ್-ಮ್ಯಾಪ್‌ಲಿಸ್ಟ್. ಸಾಮಾನ್ಯ ಮ್ಯಾಪ್‌ಲಿಸ್ಟ್ ಜಾಗದಲ್ಲಿ ಇದನ್ನು ಹಾಕಿದರೆ ಪಟ್ಟಿಯ ಅಂಶಗಳು ಬೇರೆ ಬೇರೆ ಥ್ರೆಡ್‌ಗಳಲ್ಲಿ ಓಡುತ್ತವೆ. ಆದರೆ ಎರಡು ವಿಷಯ ನೆನಪಿರಲಿ. ಪ್ರತಿ ಗೋಲ್‌ಗೂ (ಪ್ರೊಲಾಗ್‌ಗೆ ಕೇಳುವ ಪ್ರಶ್ನೆ) ಮೊದಲ ಉತ್ತರ ಮಾತ್ರ ಸಿಗುತ್ತದೆ, ಬ್ಯಾಕ್‌ಟ್ರ್ಯಾಕ್ ಮಾಡಿ ಎರಡನೇ ಉತ್ತರ ಕೇಳುವಂತಿಲ್ಲ. ಗೋಲ್ ಮತ್ತು ಅದರ ಉತ್ತರ ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಕಾಪಿ ಆಗುತ್ತವೆ, ಅದಕ್ಕೂ ಹೊತ್ತು ಬೇಕು. ಒಂದು ಗೋಲ್ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುವಂಥದ್ದಾದರೆ ಕಾಪಿ ಮಾಡುವ ಖರ್ಚೇ ಜಾಸ್ತಿ. ಸಾವಿರ ಸಣ್ಣ ಗೋಲ್‌ಗಳ ಬದಲು ಐವತ್ತರ ಕಟ್ಟು ಮಾಡಿ ಇಪ್ಪತ್ತು ದೊಡ್ಡ ಗೋಲ್ ಕೊಡಿ.

ಅಸರ್ಟ್, ರಿಟ್ರ್ಯಾಕ್ಟ್ (ಫ್ಯಾಕ್ಟ್, ಅಂದರೆ ಗೊತ್ತಿರುವ ಸಂಗತಿ, ಸೇರಿಸುವ ಮತ್ತು ತೆಗೆಯುವ ಆಜ್ಞೆಗಳು) ಇರುವ ಕಡೆ ಎಚ್ಚರ. ಇವು ಬದಲಿಸುವ ಡೈನಾಮಿಕ್ ಪ್ರೆಡಿಕೇಟ್ ಎಲ್ಲಾ ಥ್ರೆಡ್‌ಗೂ ಒಂದೇ. ಒಂದೊಂದು ಅಸರ್ಟ್ ಸುರಕ್ಷಿತವೇ, ಆದರೆ ‘ಹಳೆಯ ಎಣಿಕೆ ತೆಗೆ, ಒಂದು ಕೂಡು, ಹೊಸದನ್ನು ಇಡು’ ಎಂಬ ಮೂರು ಹೆಜ್ಜೆಗಳ ನಡುವೆ ಇನ್ನೊಂದು ಥ್ರೆಡ್ ನುಗ್ಗಬಹುದು. ವಿತ್-ಮ್ಯೂಟೆಕ್ಸ್ ಬಳಸಿ ಇದನ್ನು ತಡೆಯಬಹುದು. ಅದಕ್ಕಿಂತ ಒಳ್ಳೆಯದು, ಪ್ರತಿ ಗೋಲ್ ತನ್ನ ಎಣಿಕೆಯನ್ನು ಉತ್ತರವಾಗಿ ಹಿಂದಿರುಗಿಸಲಿ, ಕೊನೆಗೆ ಒಟ್ಟು ಕೂಡಿ.

ಟೇಬ್ಲಿಂಗ್ (ಒಮ್ಮೆ ಸಿಕ್ಕ ಉತ್ತರವನ್ನು ಟೇಬಲ್‌ನಲ್ಲಿ ನೆನಪಿಡುವುದು) ಬಳಸುತ್ತಿದ್ದರೆ, ಏನೂ ಹೇಳದಿದ್ದಾಗ ಪ್ರತಿ ಥ್ರೆಡ್‌ಗೂ ತನ್ನದೇ ಟೇಬಲ್. ಎಂಟು ಥ್ರೆಡ್ ಅದೇ ಲೆಕ್ಕವನ್ನು ಎಂಟು ಸಲ ಮಾಡುತ್ತವೆ, ಮೆಮೊರಿಯೂ ಎಂಟು ಪಟ್ಟು. ಟೇಬಲ್ ಡಿಕ್ಲರೇಶನ್‌ನಲ್ಲಿ ‘ಶೇರ್ಡ್’ ಎಂದು ಕೇಳಬಹುದು. ಟೇಬಲ್ ಅನ್ನು ಮೊದಲೇ ಒಂದು ಥ್ರೆಡ್‌ನಲ್ಲಿ ತುಂಬಿ, ಉತ್ತರಗಳನ್ನು ಸಾಮಾನ್ಯ ಫ್ಯಾಕ್ಟ್‌ಗಳಾಗಿ ಬರೆದಿಟ್ಟು, ಆಮೇಲೆ ಹಂಚುವುದು ನನಗೆ ಹೆಚ್ಚು ಇಷ್ಟ. ತಪ್ಪು ಹುಡುಕುವುದು ಸುಲಭವಾಗುತ್ತದೆ.

## ಕ್ಲಿಂಗೊ ಬಳಸುವವರಿಗೆ

ಕ್ಲಿಂಗೊ ಎರಡು ಭಾಗದಲ್ಲಿ ಕೆಲಸ ಮಾಡುತ್ತದೆ. ಮೊದಲು ವೇರಿಯಬಲ್‌ಗಳಿಗೆಲ್ಲ ಬೆಲೆ ತುಂಬಿ ರೂಲ್‌ಗಳನ್ನು ಹರಡುವ ಗ್ರೌಂಡಿಂಗ್, ಆಮೇಲೆ ಉತ್ತರ ಹುಡುಕುವ ಸಾಲ್ವಿಂಗ್. ‘-ಟಿ’ ಆಯ್ಕೆಯಲ್ಲಿ ಕೊಟ್ಟ ಥ್ರೆಡ್‌ಗಳು ಸಾಲ್ವಿಂಗ್‌ಗೆ ಮಾತ್ರ. ಗ್ರೌಂಡಿಂಗ್ ಒಂದೇ ಥ್ರೆಡ್‌ನಲ್ಲಿ ನಡೆಯುತ್ತದೆ. ಕೊನೆಯಲ್ಲಿ ಬರುವ ಟೈಮ್ ಸಾಲಿನಲ್ಲಿ ಒಟ್ಟು ಹೊತ್ತು ಮತ್ತು ಸಾಲ್ವಿಂಗ್ ಹೊತ್ತು ಬೇರೆ ಬೇರೆ ಇರುತ್ತವೆ. ಒಟ್ಟು 60 ಸೆಕೆಂಡ್, ಸಾಲ್ವಿಂಗ್ 2 ಸೆಕೆಂಡ್ ಅಂತ ಕಂಡರೆ ಥ್ರೆಡ್ ಮರೆತುಬಿಡಿ, ಗ್ರೌಂಡಿಂಗ್ ಚಿಕ್ಕದಾಗುವಂತೆ ರೂಲ್ ಬದಲಿಸಿ.

ಸಾಲ್ವಿಂಗ್ ದೊಡ್ಡದಿದ್ದರೆ ‘ಕಂಪೀಟ್’ ಮೋಡ್‌ನಿಂದ ಶುರು ಮಾಡಿ. ಅದರಲ್ಲಿ ಥ್ರೆಡ್‌ಗಳು ಬೇರೆ ಬೇರೆ ಹುಡುಕುವ ವಿಧಾನ ಹಿಡಿದು ಪೈಪೋಟಿಗೆ ಬೀಳುತ್ತವೆ. ‘ಸ್ಪ್ಲಿಟ್’ ಮೋಡ್ ಹುಡುಕುವ ಜಾಗವನ್ನೇ ಪಾಲು ಮಾಡುತ್ತದೆ. ಮೊದಲು ಸಿಗುವ ಉತ್ತರ ಪ್ರತಿ ಸಲ ಬೇರೆ ಇರಬಹುದು, ಅದು ದೋಷವಲ್ಲ.

## ಎಚ್ಚರಿಕೆಯ ಗುರುತುಗಳು

ರಿಯಲ್ ಹಾಗೇ ಇದ್ದು ಯೂಸರ್ ಮಾತ್ರ ಥ್ರೆಡ್ ಜೊತೆಗೇ ಏರುತ್ತಿದ್ದರೆ, ಥ್ರೆಡ್‌ಗಳು ಕಾಯುತ್ತಾ ಸುತ್ತುತ್ತಿವೆ ಇಲ್ಲವೇ ಮೆಮೊರಿಗಾಗಿ ಗುದ್ದಾಡುತ್ತಿವೆ. ಓಪನ್‌ಎಂಪಿಯಲ್ಲಿ ಕಾಯುವ ಥ್ರೆಡ್ ನಿದ್ದೆ ಮಾಡದೆ ಕೋರ್ ಉರಿಸುತ್ತಿರಬಹುದು, ಆದ್ದರಿಂದ ಎಚ್‌ಟಾಪ್‌ನಲ್ಲಿ 800% ಕಂಡಿತು ಅಂತ ಖುಷಿಪಡಬೇಡಿ. ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ ಸುತ್ತು ಎಣಿಸಿ.

ಸಿಸ್ ಏರುತ್ತಿದ್ದರೆ ಮೆಮೊರಿ ಕೇಳುವುದರಲ್ಲಿ ಅಥವಾ ಲಾಕ್‌ಗಳಲ್ಲಿ ಹೊತ್ತು ಹೋಗುತ್ತಿದೆ. ಯಂತ್ರ ಸ್ವಾಪ್ (ಮೆಮೊರಿ ಸಾಲದೆ ಡಿಸ್ಕ್ ಬಳಸುವುದು) ಮಾಡುತ್ತಿದೆಯಾ ಅಂತ ಮೊದಲು ನೋಡಿ. ಸ್ವಾಪ್ ಶುರುವಾಗಿದ್ದರೆ ಬೇರೆ ಯಾವ ಅಳತೆಗೂ ಬೆಲೆಯಿಲ್ಲ.

ಯೂಸರ್ ಮತ್ತು ರಿಯಲ್ ಎರಡೂ ಒಂದು ಥ್ರೆಡ್‌ನಲ್ಲಿ ಇದ್ದಷ್ಟೇ ಇದ್ದರೆ, ಹಂಚಿಕೆ ನಡೆದೇ ಇಲ್ಲ. ಓಪನ್‌ಎಂಪಿ ಇದೆಯಾ, ಬೈನರಿ ಮಾಡುವಾಗ ‘-ಜೆ’ ಕೊಟ್ಟಿರಾ, ರೂಲ್‌ನ ಮೊದಲ ರಿಲೇಶನ್‌ನಲ್ಲಿ ಎಷ್ಟು ಸಾಲಿದೆ, ಈ ಕ್ರಮದಲ್ಲಿ ನೋಡಿ.

## ರೂಲ್‌ನ ಒಳಗೆ ಹಂಚಲು ಆಗದಿದ್ದರೆ

ಡೇಟಾವನ್ನೇ ಹೊರಗಿನಿಂದ ಪಾಲು ಮಾಡಿ. ಒಂದು ಪಾಲಿನ ಉತ್ತರಕ್ಕೆ ಇನ್ನೊಂದು ಪಾಲಿನ ಫ್ಯಾಕ್ಟ್ ಬೇಡ ಎಂಬುದು ಖಚಿತವಾಗಿರಬೇಕು. ಉದಾಹರಣೆಗೆ, ಗ್ರಾಫ್‌ನಲ್ಲಿ ಒಂದಕ್ಕೊಂದು ಕೊಂಡಿಯೇ ಇಲ್ಲದ ತುಂಡುಗಳು, ಅಥವಾ ಬೇರೆ ಬೇರೆ ಶುರುವಿನ ನೋಡ್‌ಗಳು. ಪ್ರತಿ ಪಾಲಿಗೆ ಒಂದು ಇನ್‌ಪುಟ್ ಫೋಲ್ಡರ್, ಒಂದು ಔಟ್‌ಪುಟ್ ಫೋಲ್ಡರ್ ಮಾಡಿ. ಸೂಫ್ಲೆಯಲ್ಲಿ ‘-ಎಫ್’ ಮತ್ತು ‘-ಡಿ’ ಆಯ್ಕೆಗಳು (ಎರಡೂ ದೊಡ್ಡಕ್ಷರ) ಇದಕ್ಕೇ ಇವೆ. ಪ್ರತಿ ಪ್ರೊಸೆಸ್‌ಗೂ ಒಂದೇ ಥ್ರೆಡ್ ಕೊಟ್ಟು, ಎಕ್ಸ್‌ಆರ್ಗ್ಸ್‌ನ ‘-ಪಿ’ ಆಯ್ಕೆಯಿಂದ (ಇದು ದೊಡ್ಡಕ್ಷರದ ಪಿ) ನಿಜವಾದ ಕೋರ್‌ಗಳಷ್ಟು ಪ್ರೊಸೆಸ್ ಒಟ್ಟಿಗೆ ಓಡಿಸಿ. ಸುತ್ತಿಗೊಮ್ಮೆ ಕಾಯುವುದಿಲ್ಲ, ಲಾಕ್ ಇಲ್ಲ. ಸಾವಿರ ಸುತ್ತಿನ ಆ ಗ್ರಾಫ್ ಥರದ ಕೆಲಸ ನೂರಾರು ಇದ್ದರೆ ಎಂಟು ಕೋರ್‌ನ ಪೂರ್ತಿ ಲಾಭ ಸಿಗುವುದು ಹೀಗೆ ಮಾತ್ರ.

ಹಂಚಿಕೊಳ್ಳುವ ಫ್ಯಾಕ್ಟ್‌ಗಳು ಪ್ರತಿ ಪ್ರೊಸೆಸ್‌ನಲ್ಲೂ ಬೇರೆ ಬೇರೆ ಲೋಡ್ ಆಗುತ್ತವೆ. ಒಂದು ಪ್ರೊಸೆಸ್‌ಗೆ 3 ಜಿಬಿ ಬೇಕಿದ್ದರೆ ಎಂಟಕ್ಕೆ 24 ಜಿಬಿ. 16 ಜಿಬಿ ಯಂತ್ರವಾದರೆ ಒಟ್ಟಿಗೆ ನಾಲ್ಕಕ್ಕೆ ನಿಲ್ಲಿಸಿ. ದೊಡ್ಡ ಪಾಲುಗಳನ್ನು ಪಟ್ಟಿಯಲ್ಲಿ ಮೊದಲಿಗೆ ಇಡಿ, ಇಲ್ಲದಿದ್ದರೆ ಕೊನೆಗೆ ಒಂದೇ ದೊಡ್ಡ ಪಾಲು ಉಳಿದು ಉಳಿದ ಕೋರ್‌ಗಳು ಖಾಲಿ ಕೂರುತ್ತವೆ. ಎಲ್ಲಾ ಮುಗಿದ ಮೇಲೆ ಔಟ್‌ಪುಟ್‌ಗಳನ್ನು ಒಂದುಗೂಡಿಸಿ, ಎರಡು ಸಲ ಬಂದ ಸಾಲುಗಳನ್ನು ಸಾರ್ಟ್‌ನಲ್ಲೇ ತೆಗೆದು, ಒಂದನೇ ಹಂತದ ಫೋಲ್ಡರ್ ಜೊತೆ ಡಿಫ್ ಮಾಡಿ.